ಗಾಳಿ ತಿರುಗುವವರೆಗೆ ಕಾದವರು

ನಮ್ಮ ಪಠ್ಯಪುಸ್ತಕಗಳಲ್ಲಿ ಚರಿತ್ರೆ ಸಾಮಾನ್ಯವಾಗಿ ಕುದುರೆಯ ಮೇಲೆ ಕುಳಿತು ಬರುತ್ತದೆ. ಖೈಬರ್ ಕಣಿವೆ ದಾಟಿ, ಪಾಣಿಪತ್ತಿನಲ್ಲಿ ಕಾದಾಡಿ, ದಿಲ್ಲಿಯಲ್ಲಿ ಗದ್ದುಗೆ ಏರಿ, ಅಲ್ಲಿಂದ ದಖ್ಖನಿಗೆ ಇಳಿಯುತ್ತದೆ. ಸಮುದ್ರಕ್ಕೆ ಅಲ್ಲಿ ದಕ್ಕುವುದು ಭೂಪಟದ ಅಂಚಿನ ನೀಲಿ ಬಣ್ಣ ಮಾತ್ರ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ ಒಮ್ಮೆ ಆ ನೀಲಿಗೆ ಜೀವ ಬರುತ್ತದೆ. ಮತ್ತೆ ಕೆಲವು ಪುಟ ಮಗುಚಿದರೆ ಪ್ಲಾಸಿ ಕದನ. ಆದರೆ ವಿಜಯನಗರದ ಸೇನೆಯ ಒಳ್ಳೆಯ ಕುದುರೆಗಳು ಹಡಗಿನಲ್ಲಿ ಬಂದವು ಎಂಬುದನ್ನು ನಾವು ಮರೆಯುತ್ತೇವೆ. ಹೊರ್ಮುಜ್ ಮತ್ತು ಅರೇಬಿಯಾದ ಬಂದರುಗಳಲ್ಲಿ ಹಡಗೇರಿದ ಆ ಪ್ರಾಣಿಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು, ಘಟ್ಟ ಹತ್ತಿ ಹಂಪಿಗೆ ಹೋದವು. ನಮ್ಮ ನಾಡಿನ ಹವೆ, ಹುಲ್ಲು ಆ ತಳಿಗಳಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ವರ್ಷ ವರ್ಷವೂ ಹೊಸ ಕುದುರೆ ಬೇಕಾಗುತ್ತಿತ್ತು. ವರ್ಷ ವರ್ಷವೂ ಹಡಗು ಬರಬೇಕಾಗಿತ್ತು. ಹಡಗು ಬರಬೇಕಾದರೆ ಗಾಳಿ ಬೀಸಬೇಕಾಗಿತ್ತು.

ಸಮುದ್ರಕ್ಕೂ ಒಂದು ಚರಿತ್ರೆಯಿದೆ ಎಂಬ ಮಾತು ವಿದ್ವತ್ತಿನ ಲೋಕದಲ್ಲಿ ಗಟ್ಟಿಯಾದುದು ಫ್ರಾನ್ಸಿನ ಫೆರ್ನಾಂಡ್ ಬ್ರೋದೆಲ್ 1949ರಲ್ಲಿ ಮೆಡಿಟರೇನಿಯನ್ ಸಮುದ್ರದ ಬಗ್ಗೆ ಬರೆದ ಬೃಹತ್ ಗ್ರಂಥದಿಂದ. ಅರಸರ ಕದನಗಳಿಗಿಂತ ಮೊದಲು ಬೆಟ್ಟ, ಬಯಲು, ಹವಾಮಾನ, ಹಡಗುದಾರಿಗಳನ್ನು ಆತ ವಿವರಿಸಿದ. ಕೆ.ಎನ್. ಚೌಧುರಿ 1985ರಲ್ಲಿ ಅದೇ ದೃಷ್ಟಿಯನ್ನು ಹಿಂದೂ ಮಹಾಸಾಗರಕ್ಕೆ ತಂದರು. ಗುಜರಾತ್ ಮತ್ತು ಮಲಬಾರಿನ ವರ್ತಕರ ಬಗ್ಗೆ ಅಶಿನ್ ದಾಸ್‌ಗುಪ್ತ ಅದಕ್ಕೂ ಮೊದಲೇ ಬರೆದಿದ್ದರು. ಮೈಕೇಲ್ ಪಿಯರ್ಸನ್ ಅವರದು ಇನ್ನೊಂದು ಉಪಯುಕ್ತ ಮಾತು. ಕಡಲತೀರದ ಜನರನ್ನು ದೇಶದ ಅಂಚಿನವರೆಂದು ನೋಡುವ ಬದಲು, ತೀರಕ್ಕೇ ಒಂದು ಸಮಾಜವಿದೆಯೆಂದು ನೋಡಬೇಕು. ಒಂದು ತೀರದ ಜನರಿಗೆ ತಮ್ಮದೇ ಒಳನಾಡಿನವರಿಗಿಂತ ಸಮುದ್ರದಾಚೆಯ ಇನ್ನೊಂದು ತೀರದವರೊಂದಿಗೆ ಹೆಚ್ಚು ಹೋಲಿಕೆ ಇರಬಹುದು ಎಂದರು. ಇತ್ತೀಚಿನ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಾಳಿ, ಮೀನು, ಮರಮಟ್ಟು, ನದೀಮುಖ, ಚಂಡಮಾರುತಗಳನ್ನೂ ಚರಿತ್ರೆಯ ಪಾತ್ರಗಳೆಂದು ಪರಿಗಣಿಸುತ್ತಿದ್ದಾರೆ. 2013ರಲ್ಲಿ ಬಂಗಾಳ ಕೊಲ್ಲಿಯ ಬಗ್ಗೆ ಸುನಿಲ್ ಅಮೃತ್ ಬರೆದ ಪುಸ್ತಕ ಈ ಬಗೆಯದು. ಅರಬ್ಬಿ ಸಮುದ್ರಕ್ಕೂ ಅದರ ಪೂರ್ವ ದಂಡೆಯಾದ ನಮ್ಮ ಕರಾವಳಿಗೂ ಈ ದೃಷ್ಟಿ ಹೇಗೆ ಅನ್ವಯಿಸುತ್ತದೆ ಎಂದು ಇಲ್ಲಿ ನೋಡೋಣ.

ಮೊದಲು ಗಾಳಿ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾಯುತ್ತದೆ. ಕಡಲು ನಿಧಾನವಾಗಿ ಬಿಸಿಯಾಗುತ್ತದೆ. ಬಿಸಿ ನೆಲದ ಕಡೆಗೆ ಸಮುದ್ರದ ತೇವದ ಗಾಳಿ ನುಗ್ಗುತ್ತದೆ. ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತ. ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗಾಗಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಒಣ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಇಷ್ಟು ವಿಸ್ತಾರವಾದ ಸಮುದ್ರದಲ್ಲಿ ಗಾಳಿ ವರ್ಷಕ್ಕೆರಡು ಬಾರಿ ಇಷ್ಟು ನಿಯಮಿತವಾಗಿ ದಿಕ್ಕು ಬದಲಿಸುವುದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅರಬಿಯಲ್ಲಿ ಋತುವಿಗೆ ‘ಮೌಸಿಮ್’ ಎನ್ನುತ್ತಾರೆ. ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡ ಆ ಶಬ್ದವೇ ‘ಮಾನ್ಸೂನ್’ ಆಯಿತು. ನಮ್ಮ ಮನೆಗಳ ಉರ್ದುವಿನಲ್ಲಿ ಅದು ಇಂದಿಗೂ ‘ಮೌಸಮ್’. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೈಪಿಡಿಯೇ ಈಜಿಪ್ಟಿನಿಂದ ನಮ್ಮ ಕಡೆಗೆ ಹೊರಡಲು ಜುಲೈ ತಿಂಗಳು ತಕ್ಕದ್ದೆಂದು ಹೇಳುತ್ತದೆ.

ಈ ಪಂಚಾಂಗ ತಿಳಿಯದವನ ಪಾಡೇನಾಗುತ್ತದೆ ಎಂಬುದಕ್ಕೆ ವಾಸ್ಕೋ ಡ ಗಾಮನೇ ಸಾಕ್ಷಿ. ಅವನು ಪೂರ್ವ ಆಫ್ರಿಕದ ಮಾಲಿಂದಿಯಲ್ಲಿ ಒಬ್ಬ ದಾರಿಬಲ್ಲ ಮಾಲುಮಿಯನ್ನು ಪಡೆದು 1498ರ ಏಪ್ರಿಲ್ 24ರಂದು ಹೊರಟ. ಗಾಳಿ ಬೆನ್ನಿಗಿತ್ತು, ಇಪ್ಪತ್ತೈದು ದಿನದೊಳಗೆ ಮಲಬಾರಿನ ಬೆಟ್ಟಗಳು ಕಂಡವು. ಮರಳುವಾಗ ಅವನಿಗೆ ಕಾಯುವ ತಾಳ್ಮೆಯೂ ಇರಲಿಲ್ಲ, ಕಲ್ಲಿಕೋಟೆಯ ಸಾಮೂದಿರಿಯೊಂದಿಗೆ ಸಂಬಂಧವೂ ಕೆಟ್ಟಿತ್ತು. ಆಗಸ್ಟ್ ಕೊನೆಗೇ ಹೊರಟುಬಿಟ್ಟ. ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಸಿ, ನೀರು ತುಂಬಿಸಿಕೊಂಡು ಅಕ್ಟೋಬರ್ 5ರಂದು ಹಾಯಿ ಬಿಚ್ಚಿದ. ಈಶಾನ್ಯದ ಗಾಳಿ ಇನ್ನೂ ಹುಟ್ಟಿರಲಿಲ್ಲ. ಹಡಗುಗಳು ಒಮ್ಮೆ ಎದುರುಗಾಳಿಗೆ, ಒಮ್ಮೆ ಗಾಳಿಯೇ ಇಲ್ಲದ ಕಡಲಿಗೆ ಸಿಕ್ಕಿ ತೊಳಲಿದವು. ಆಫ್ರಿಕದ ದಂಡೆ ಕಂಡದ್ದು 1499ರ ಜನವರಿ 2ಕ್ಕೆ. ಬರುವಾಗ ಇಪ್ಪತ್ತೈದು ದಿನವಾದ ದಾರಿ ಹೋಗುವಾಗ ಮೂರು ತಿಂಗಳಾಯಿತು. ತಾಜಾ ಆಹಾರವಿಲ್ಲದೆ ವಸಡು ಕೊಳೆಯುವ ಸ್ಕರ್ವಿ ರೋಗದಿಂದ ಸುಮಾರು ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲೂ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. ಕೊನೆಗೆ ನಡೆಸಲು ಆಳಿಲ್ಲದೆ ಒಂದು ಹಡಗನ್ನು ಸುಡಬೇಕಾಯಿತು. ಎರಡು ಮೂರು ತಿಂಗಳು ಕಾದಿದ್ದರೆ ಆ ಜೀವಗಳು ಉಳಿಯುತ್ತಿದ್ದವು. ‘ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದವನು’ ಎಂದು ನಾವು ಬಾಯಿಪಾಠ ಮಾಡಿದ್ದು ಇವನ ಹೆಸರನ್ನೇ.

ಗಾಮನಿಗೆ ದಾರಿ ತೋರಿಸಿದವನು ಪ್ರಸಿದ್ಧ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಹದಿನಾರನೇ ಶತಮಾನದ ಮಕ್ಕಾದ ಇತಿಹಾಸಕಾರನೊಬ್ಬನ ಬರಹದಿಂದ ಹಬ್ಬಿದ ಈ ಮಾತನ್ನು ಇಂದಿನ ವಿದ್ವಾಂಸರು ಬಹುಪಾಲು ಒಪ್ಪುವುದಿಲ್ಲ. ಪೋರ್ಚುಗೀಸ್ ದಾಖಲೆಗಳಲ್ಲಿ ಕಾಣುವವನು ಗುಜರಾತಿನ ಒಬ್ಬ ಮಾಲುಮಿ. ಇಬ್ನ್ ಮಾಜಿದನ ನಿಜವಾದ ಕೀರ್ತಿ ಇರುವುದು ಹಿಜರಿ 895ರ, ಅಂದರೆ 1490ರ ಸುಮಾರಿನ ‘ಕಿತಾಬುಲ್ ಫವಾಇದ್’ ಎಂಬ ಅವನ ಗ್ರಂಥದಲ್ಲಿ. ಯಾವ ಬಂದರಿನಿಂದ ಯಾವ ದಿನಗಳಲ್ಲಿ ಹೊರಡಬೇಕು, ಯಾವ ನಕ್ಷತ್ರ ಎಷ್ಟು ‘ಬೆರಳು’ ಎತ್ತರದಲ್ಲಿದ್ದರೆ ಯಾವ ತೀರ ಎದುರಿಗಿದೆ, ನೀರಿನ ಬಣ್ಣ, ಹಾವು, ಹಕ್ಕಿಗಳಿಂದ ದಂಡೆ ಹತ್ತಿರವಾದುದನ್ನು ಹೇಗೆ ಅರಿಯಬೇಕು ಎಂಬ ವಿದ್ಯೆಯೆಲ್ಲ ಅದರಲ್ಲಿದೆ. ಅಳೆಯಲು ಬಳಸುತ್ತಿದ್ದ ‘ಕಮಾಲ್’ ಒಂದು ಚಿಕ್ಕ ಮರದ ಹಲಗೆ ಮತ್ತು ಗಂಟು ಹಾಕಿದ ದಾರ, ಅಷ್ಟೇ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚನ್ನು ಕಡಲ ಅಂಚಿಗೂ ಮೇಲಂಚನ್ನು ನಕ್ಷತ್ರಕ್ಕೂ ಕೂಡಿಸಿ ನೋಡಿದರೆ ತಾನು ಎಷ್ಟು ಉತ್ತರದಲ್ಲಿದ್ದೇನೆಂದು ಮಾಲುಮಿಗೆ ತಿಳಿಯುತ್ತಿತ್ತು.

ಇಲ್ಲಿಯವರೆಗಿನದು ಹಡಗಿನ ಮಾತು. ಈ ಗಾಳಿ ದಂಡೆಯ ಮೇಲೆ ಏನು ಮಾಡಿತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಏಡನ್‌ನಿಂದ ಹೊರಡುವ ಹಡಗು ಮುಂಗಾರಿನ ಬಿರುಸು ತಗ್ಗುವ ಆಗಸ್ಟ್ ಕೊನೆಯ ಹೊತ್ತಿಗೆ ಹಾಯಿ ಬಿಚ್ಚಿ ಸೆಪ್ಟೆಂಬರ್‌ನಲ್ಲಿ ನಮ್ಮ ದಂಡೆಗೆ ಬರುತ್ತಿತ್ತು. ಬಂದ ಗಾಳಿಯಲ್ಲಿ ಮರಳುವಂತಿಲ್ಲ. ಡಿಸೆಂಬರ್, ಜನವರಿಯವರೆಗೆ ಕಾಯಲೇಬೇಕು. ಮೆಣಸು ಕೊಯ್ಲಾಗಿ ಒಣಗಿ ಬಂದರಿಗೆ ಇಳಿಯುವುದೂ ಆ ಹೊತ್ತಿಗೇ. ವ್ಯವಹಾರ ಮುಗಿಯದೆ ಏಪ್ರಿಲ್ ಕಳೆಯಿತೆಂದರೆ ಕಡಲು ಮುಚ್ಚಿತು; ಇನ್ನೊಂದು ಮಳೆಗಾಲ ಇಲ್ಲೇ. ಬೇರೆ ಸಮುದ್ರಗಳ ವರ್ತಕ ಸರಕು ಇಳಿಸಿ, ಸರಕು ತುಂಬಿ ಹೊರಟುಬಿಡಬಹುದಿತ್ತು. ನಮ್ಮಲ್ಲಿ ಗಾಳಿ ಅವನನ್ನು ತಿಂಗಳುಗಟ್ಟಲೆ ತಡೆದು ಕೂರಿಸಿತು. ಕೂತವನಿಗೆ ಮನೆ ಬೇಕು, ಉಗ್ರಾಣ ಬೇಕು, ನಮಾಜಿಗೆ ಮಸೀದಿ ಬೇಕು, ಜಗಳ ತೀರಿಸಲು ಖಾಝಿ ಬೇಕು, ಭಾಷೆ ಬೇಕು, ನಂಬಿಕೆಯ ಪಾಲುದಾರ ಬೇಕು. ಎಷ್ಟೋ ಮಂದಿಗೆ ಇಲ್ಲೇ ಮದುವೆ, ಸಂಸಾರಗಳಾದವು. ಕರಾವಳಿಯ ಮುಸ್ಲಿಮ್ ಸಮಾಜಗಳ ಹುಟ್ಟಿನಲ್ಲಿ ಗಾಳಿಯ ಪಾಲು ಅರಸರ ಪಾಲಿಗಿಂತ ಹಿರಿದು.

ಈ ಕಾಯುವ ಬದುಕಿನ ಚಿತ್ರ ವಿಚಿತ್ರವೆನಿಸುವ ಕಡೆಯಿಂದ ನಮಗೆ ದೊರೆತಿದೆ. ಕೈರೋದ ಹಳೆಯ ಭಾಗವಾದ ಫುಸ್ತಾತ್‌ನ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ಶತಮಾನಗಳ ಕಾಲ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಆ ರಾಶಿಯಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ನೂರಾರು ಪತ್ರಗಳೂ ಸಿಕ್ಕವು. ಎಸ್.ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಅವುಗಳನ್ನು ಓದುವುದಕ್ಕೆ ದಶಕಗಳನ್ನು ವ್ಯಯಿಸಿದರು. ಅವರು ತೀರಿಕೊಂಡ ಎರಡು ದಶಕಗಳ ಬಳಿಕ, 2008ರಲ್ಲಿ, ಎಂ.ಎ. ಫ್ರೀಡ್‌ಮನ್ ಅದನ್ನು ಪೂರ್ಣಗೊಳಿಸಿ ಪ್ರಕಟಿಸಿದರು. ಆ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ವರ್ತಕ ಅಬ್ರಹಾಂ ಬೆನ್ ಯಿಜು. ಟ್ಯುನೀಷ್ಯಾ ಮೂಲದ ಈ ಯಹೂದಿ 1132ರಲ್ಲಿ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್‌ಗೆ ಮರಳಿದ. ಆಶು ಎಂಬ ಸ್ಥಳೀಯ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲಿ ಬರೆದುದು; ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಕಂಚಿನ ಪಾತ್ರೆ ಮಾಡುವ ಕಮ್ಮಟವನ್ನೂ ಅವನು ನಡೆಸುತ್ತಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಅಲ್ಲಿಂದ ಬರುತ್ತಿದ್ದವು. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಏಡನ್ ಬಳಿ ಒಡೆದ ಹಡಗೊಂದರ ಕುರಿತು ಬಂದ ಪತ್ರದಲ್ಲಿ ಮೆಣಸೆಲ್ಲ ನೀರುಪಾಲಾಯಿತು, ಮುಳುಗುಗಾರರನ್ನು ಗೊತ್ತುಮಾಡಿ ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲೆತ್ತಿಸಿದೆವು ಎಂಬ ಲೆಕ್ಕವಿದೆ. ಗಾಳಿಯನ್ನು ನಂಬಿ ಬದುಕುವುದೆಂದರೆ ಇಂಥ ಲೆಕ್ಕಕ್ಕೂ ಸಿದ್ಧರಿರಬೇಕು.

ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಸರಕು ಒಯ್ಯುತ್ತಿದ್ದ ಒಬ್ಬ ದಾಸನಿದ್ದ. ಪತ್ರಗಳಲ್ಲಿ ಅವನ ಹೆಸರು ಮೂರೇ ಅಕ್ಷರ: ಬ, ಮ, ಹ. ಸ್ವರ ಗುರುತುಗಳಿಲ್ಲದ ಈ ಹೆಸರನ್ನು ಹೇಗೆ ಓದಬೇಕೆಂಬ ಬಗೆಹರಿಯದ ಪ್ರಶ್ನೆಯನ್ನು ಅಮಿತಾವ್ ಘೋಷ್ ಮಂಗಳೂರಿಗೆ ತಂದರು. ತುಳು ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ತೀರ್ಮಾನಕ್ಕೆ ಬಂದರು. 1992ರ ಅವರ ಪುಸ್ತಕದಲ್ಲಿ ಈ ಪ್ರಸಂಗ ಸವಿವರವಾಗಿದೆ. ಹನ್ನೆರಡನೇ ಶತಮಾನದ ತುಳುನಾಡಿನ ಒಬ್ಬ ಸಾಮಾನ್ಯ ಮನುಷ್ಯನ ಹೆಸರು ಕೈರೋದ ಕಾಗದದ ರಾಶಿಯಲ್ಲಿ ಉಳಿದುಕೊಂಡಿತು. ನಮ್ಮ ಶಾಸನಗಳಲ್ಲಿ ಅಂಥವರಿಗೆ ಜಾಗ ಸಿಗುವುದು ಅಪರೂಪ.

ಬೆನ್ ಯಿಜು ಹೋದ ಎರಡು ಶತಮಾನಗಳ ಬಳಿಕ, 1342ರ ಸುಮಾರಿಗೆ, ಇಬ್ನ್ ಬತೂತ ಇದೇ ದಂಡೆಯುದ್ದಕ್ಕೂ ಬಂದ. ಹೊನ್ನಾವರವನ್ನು ಅವನು ‘ಹಿನಾವರ್’ ಎನ್ನುತ್ತಾನೆ. ಅಲ್ಲಿನ ಜನ ಶಾಫಿಈ ಪಂಥದವರು, ಬೇಸಾಯವಿಲ್ಲದೆ ಕಡಲ ವ್ಯಾಪಾರದಿಂದ ಬದುಕುವವರು ಎಂದು ಬರೆಯುತ್ತಾನೆ. ಊರಿನಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಹೇಳುತ್ತಾನೆ. ಹೆಣ್ಣುಮಕ್ಕಳ ಓದಿನ ಬಗ್ಗೆ ನಾವು ಇಂದಿಗೂ ಸಭೆ ಸೇರಿ ವಾದಿಸುವಾಗ ಈ ಸಾಲನ್ನು ನೆನಪಿಸಿಕೊಳ್ಳಬಹುದು. ‘ಫಾಕನೂರ್’ ಎಂದರೆ ಬಾರಕೂರು. ಅಲ್ಲಿನ ಅರಸ ವಾಸುದೇವನಿಗೆ ಸುಮಾರು ಮೂವತ್ತು ಯುದ್ಧದ ಹಡಗುಗಳಿದ್ದವು, ಅವುಗಳ ದಳಪತಿ ಲೂಲಾ ಎಂಬ ಮುಸ್ಲಿಮ್. ಬತೂತ ಇವನನ್ನು ಹೊಗಳುವುದಿಲ್ಲ; ವರ್ತಕರನ್ನು ದೋಚುವ ದುಷ್ಟ ಎನ್ನುತ್ತಾನೆ. ‘ಮಂಜರೂರ್’ ಎಂಬ ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್‌ನ ವರ್ತಕರು ತಂಗುತ್ತಿದ್ದರು. ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರ ಪಕ್ಕದಲ್ಲಿ ವಾಸವಾಗಿದ್ದರು. ಅವರಿಗೂ ಊರವರಿಗೂ ಆಗಾಗ ಕಾಳಗ ನಡೆಯುತ್ತಿತ್ತು. ವರ್ತಕರು ಬೇಕಾದ್ದರಿಂದ ಅರಸನೇ ನಡುವೆ ಬಂದು ಸಂಧಿ ಮಾಡಿಸುತ್ತಿದ್ದ.

ಈ ಕೊನೆಯ ವಿವರವನ್ನು ಸೌಹಾರ್ದದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಭಟ್ಕಳದಲ್ಲಿ 1479ರಲ್ಲಿ ಕುದುರೆ ವ್ಯಾಪಾರದ ವೈಷಮ್ಯದಿಂದ ಮುಸ್ಲಿಮ್ ವರ್ತಕರ ಕೊಲೆಗಳಾದವು, ಉಳಿದವರು ಗೋವೆಗೆ ಹೋದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೊಸ್ ಬರೆದದ್ದೂ ಹಾಗೆಯೇ ಮೂಲೆಗೆ ಸೇರಿದೆ. ತೀರದ ಸಮಾಜ ಸ್ವರ್ಗವಾಗಿರಲಿಲ್ಲ. ಆದರೆ ಅಲ್ಲಿ ಜಗಳವಾಡಿದವರು ಮರುವರ್ಷದ ಗಾಳಿಗೆ ಮತ್ತೆ ಒಬ್ಬರಿಗೊಬ್ಬರು ಬೇಕಾಗುತ್ತಿದ್ದರು, ಆ ಅಗತ್ಯವೇ ಜಗಳವನ್ನು ಮಿತಿಯಲ್ಲಿಡುತ್ತಿತ್ತು. ಕೊಂಕಣಿಯ ಮೈಗೆ ಅರಬಿ, ಪಾರಸಿ ಶಬ್ದಗಳನ್ನು ತೊಡಿಸಿ ಪಾರಸಿ ಲಿಪಿಯಲ್ಲಿ ಬರೆದ ಭಟ್ಕಳದ ನವಾಯತಿ ಭಾಷೆ, ಮಲಯಾಳ ಮತ್ತು ತುಳುವಿನ ನಡುವೆ ಬೆಳೆದ ಬ್ಯಾರಿ ಭಾಷೆ ಎರಡೂ ಈ ಬಂದರುಗಳ ಮಕ್ಕಳೇ. ‘ಬ್ಯಾರಿ’ ಎಂಬ ಹೆಸರನ್ನೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಎಂಬ ಶಬ್ದಕ್ಕೆ ಜೋಡಿಸುವವರಿದ್ದಾರೆ. ಮೊಗವೀರರು ಕಡಲಿನ ಕಾವಲುಗಾರನೆಂದು ನಂಬುವ ದೈವ ಬೊಬ್ಬರ್ಯ. ತುಳು ಪಾಡ್ದನದ ಪ್ರಕಾರ ಅವನು ಮುಸ್ಲಿಮ್ ವರ್ತಕ ತಂದೆಗೆ ಜೈನ ಮೂಲದ ತಾಯಿಯಲ್ಲಿ ಹುಟ್ಟಿದವನು. ತಾವು ದಿನವೂ ಇಳಿಯುವ ಕಡಲನ್ನು ಕಾಯಲು ಮೀನುಗಾರರು ಆರಿಸಿಕೊಂಡದ್ದು ಬ್ಯಾರಿಯ ಮಗನನ್ನು! ನಮ್ಮಲ್ಲಿ ಯಾರು ಹೊರಗಿನವರು, ಯಾರು ಒಳಗಿನವರು ಎಂದು ಕೇಳುವವರು ಪಾಡ್ದನಗಳನ್ನೊಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಹಡಗಿನ ಮೈಯಲ್ಲೂ ಎರಡು ದಂಡೆಗಳ ನಂಟಿತ್ತು. ಅರೇಬಿಯಾದಲ್ಲಿ ಹಡಗು ಕಟ್ಟುವಂಥ ಮರವಿಲ್ಲ. ನಮ್ಮ ಘಟ್ಟಗಳ ಸಾಗುವಾನಿ ಅಲ್ಲಿಗೆ ಹೋಗುತ್ತಿತ್ತು. ಮಾಲ್ದೀವ್ಸ್‌ನ ತೆಂಗಿನ ನಾರಿನ ಹುರಿ ಹಲಗೆಗಳನ್ನು ಹೊಲಿಯುತ್ತಿತ್ತು. ಹೌದು, ಹೊಲಿಯುತ್ತಿತ್ತು. ಕಬ್ಬಿಣದ ಮೊಳೆ ಹೊಡೆಯದೆ ಹಲಗೆಗೆ ಹಲಗೆ ಹೊಲಿದು ಕಟ್ಟಿದ ಹಡಗುಗಳವು. 1183ರಲ್ಲಿ ಕೆಂಪು ಸಮುದ್ರದ ಐದಾಬ್ ಬಂದರಿನಲ್ಲಿ ಇಬ್ನ್ ಜುಬೈರ್ ಇಂಥವನ್ನು ಕಂಡು, ಮರ ಭಾರತ ಮತ್ತು ಯಮನ್‌ನಿಂದ ಬಂದದ್ದು, ಹೊಲಿಗೆ ತೆಂಗಿನ ನಾರಿನದು, ಮೈಗೆ ಹಚ್ಚುವುದು ಶಾರ್ಕ್ ಮೀನಿನ ಎಣ್ಣೆ ಎಂದು ಬರೆದಿಟ್ಟ.

ಮೆಣಸಿನ ಕಥೆ ಎಲ್ಲರಿಗೂ ಗೊತ್ತು. ಕನ್ನಡ ಕರಾವಳಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಕಥೆ ಅಕ್ಕಿಯದು. ಘಟ್ಟಕ್ಕೆ ಬಡಿದು ಸುರಿಯುವ ಮಳೆ ಇಲ್ಲಿ ಗದ್ದೆ ತುಂಬಿಸುತ್ತದೆ. ಅದೇ ಗಾಳಿ ಬೀಸಿಬರುವ ಆಚೆ ದಂಡೆಯಲ್ಲಿ ಬಹುಪಾಲು ಮರಳು. ಹೊರ್ಮುಜ್ ದ್ವೀಪದಲ್ಲಿ ಉಪ್ಪಿನ ಬೆಟ್ಟವಿತ್ತೇ ಹೊರತು ಕುಡಿಯುವ ನೀರಿರಲಿಲ್ಲ. ಹೀಗೆ ಬಸರೂರು, ಮಂಗಳೂರು, ಭಟ್ಕಳಗಳ ಅಕ್ಕಿ ಹೊರ್ಮುಜ್, ಮಸ್ಕತ್‌ಗಳ ಅನ್ನವಾಯಿತು. ಮೆಣಸು ಬೆಳೆಯುವ ಮಲಬಾರಿಗೂ ಇಲ್ಲಿನ ಅಕ್ಕಿ ಬೇಕಿತ್ತು. ಹದಿನಾರನೇ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೊಸ ಇಲ್ಲಿನ ಅಕ್ಕಿಯ ತಳಿಗಳನ್ನು ದರ್ಜೆವಾರು ಹೆಸರಿಸುತ್ತಾನೆ. ಅತ್ಯುತ್ತಮವೆಂದು ಅವನು ಹೇಳುವ ‘ಜಿರಸಾಲ್’ನಲ್ಲಿ ನಮ್ಮ ಹಿರಿಯರ ಜೀರಸಾಲೆಯನ್ನು ಗುರುತಿಸುವುದು ಕಷ್ಟವಲ್ಲ. ಉಪ್ಪುನೀರು ನುಗ್ಗುವ ಅಘನಾಶಿನಿಯ ಗಜನಿ ಭೂಮಿಯಲ್ಲೂ ಕಗ್ಗ ಭತ್ತ ಬೆಳೆಸುವ ವಿದ್ಯೆ ಈ ಕರಾವಳಿಯ ರೈತರಿಗಿತ್ತು.

ಪೋರ್ಚುಗೀಸರಿಗೆ ಈ ಅಕ್ಕಿಯ ಬೆಲೆ ಬೇಗ ತಿಳಿಯಿತು. 1502ರಲ್ಲಿ ಗಾಮ ಎರಡನೇ ಸಲ ಬಂದಾಗ ಭಟ್ಕಳದ ಮೇಲೆ ಬಿದ್ದು ಕಪ್ಪ ಹೇರಿದ. ಆ ಕಪ್ಪ ಚಿನ್ನವಲ್ಲ: ವರ್ಷಕ್ಕೆ ಹಡಗಾಳುಗಳಿಗಾಗಿ ಸಾವಿರ ಹೊರೆ ಸಾಧಾರಣ ಅಕ್ಕಿ, ನಾಯಕರಿಗಾಗಿ ಐನೂರು ಹೊರೆ ಒಳ್ಳೆಯ ಅಕ್ಕಿ ಎಂದು ಕೊರೆಯಾ ಎಂಬ ಪೋರ್ಚುಗೀಸ್ ಚರಿತ್ರೆಕಾರ ದಾಖಲಿಸಿದ್ದಾನೆ. ಮುಂದೆ ಗೋವೆ ಪಟ್ಟಣವೇ ಕೆನರಾದ ಅಕ್ಕಿಯ ಮೇಲೆ ನಿಂತಿತು. ಬಸರೂರಿನ ಅಕ್ಕಿ ವ್ಯಾಪಾರವನ್ನು ಕುರಿತ ಸಂಜಯ್ ಸುಬ್ರಹ್ಮಣ್ಯಂ ಅವರ ಅಧ್ಯಯನ, ಗೋವೆ ಮತ್ತು ಕೆನರಾ ಸಂಬಂಧಗಳನ್ನು ಕುರಿತ ಬಿ.ಎಸ್. ಶಾಸ್ತ್ರಿ ಅವರ ಕೃತಿ ಇದನ್ನು ವಿವರವಾಗಿ ತೋರಿಸಿವೆ. ಪೋರ್ಚುಗೀಸರು ತಂದ ಹೊಸ ಪದ್ಧತಿಯೆಂದರೆ ‘ಕಾರ್ತಾಜ್’ ಎಂಬ ರಹದಾರಿ ಪತ್ರ. ಅವರಿಂದ ಚೀಟಿ ಪಡೆಯದ ಹಡಗನ್ನು ಹಿಡಿಯಬಹುದು, ಮುಳುಗಿಸಬಹುದು. ಅದಕ್ಕೆ ಮೊದಲು ಬಂದರಿಗೆ ಅರಸನಿದ್ದ, ಸುಂಕವಿತ್ತು, ಕಡಲುಗಳ್ಳರೂ ಇದ್ದರು. ಆದರೆ ನಡುಗಡಲಿಗೆ ಇಂಥ ಒಡೆಯನಿರಲಿಲ್ಲ. ಮಲಬಾರಿನ ಝೈನುದ್ದೀನ್ ಮಖ್ದೂಮ್ ಹದಿನಾರನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಈ ಸಂಕಟದ ಕಾಲದ್ದೇ ಕಥನ.

ಉಳ್ಳಾಲದ ಅಬ್ಬಕ್ಕನ ಹೋರಾಟವನ್ನೂ ಈ ಹಿನ್ನೆಲೆಯಲ್ಲಿ ಓದಬೇಕು. ಉಳ್ಳಾಲದ ಅಕ್ಕಿ, ಮೆಣಸು ಯಾರ ಹಡಗಿನಲ್ಲಿ, ಯಾವ ದಿಕ್ಕಿಗೆ ಹೋಗಬೇಕು ಎಂದು ತೀರ್ಮಾನಿಸುವ ಹಕ್ಕು ಯಾರದು ಎಂಬುದೇ ಅಲ್ಲಿನ ಪ್ರಶ್ನೆ. ಅವಳ ಜತೆಗಿದ್ದವರಲ್ಲಿ ಕಲ್ಲಿಕೋಟೆಯ ಸಾಮೂದಿರಿಯ ಕಡೆಯವರೂ ಇದ್ದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಉಳ್ಳಾಲದ ರಾಣಿಯನ್ನು ಕಂಡ. ಆಕೆ ಅರಮನೆಯಲ್ಲಿರಲಿಲ್ಲ. ಹೊಲಗಳ ಕಡೆ ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಿಕೊಂಡು ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ನಮ್ಮ ಚಿತ್ರಗಳಲ್ಲಿ ಅಬ್ಬಕ್ಕನ ಕೈಯಲ್ಲಿ ಸದಾ ಕತ್ತಿ. ಪ್ರವಾಸಿ ಕಂಡದ್ದು ನೀರಿನ ಉಸ್ತುವಾರಿಗೆ ನಿಂತ ರಾಣಿಯನ್ನು. 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕೆಡವಿದ ಬಳಿಕವೂ ಅಕ್ಕಿಯ ದಾರಿ ತೆರೆದೇ ಇತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟ. ಮಂಗಳೂರಿನ ಅಕ್ಕಿ, ಮೈಸೂರಿನ ಶ್ರೀಗಂಧ ಅಲ್ಲಿಗೆ ಹೋದವು. ಅಲ್ಲಿನ ತನ್ನ ಏಜೆಂಟನಿಗೆ ಬರೆದ ಪತ್ರಗಳಲ್ಲಿ ಅವನು ಖರ್ಜೂರದ ಸಸಿ ಕೇಳುತ್ತಾನೆ, ಮಂಗಳೂರಿನ ಕಡಲಲ್ಲಿ ಮುತ್ತು ಹುಡುಕಲು ಮುಳುಗುಗಾರರನ್ನು ಕಳಿಸೆನ್ನುತ್ತಾನೆ. ಮುತ್ತು ಸಿಗಲಿಲ್ಲವೆಂಬುದು ಬೇರೆ ಮಾತು.

ಬ್ರಿಟಿಷರ ಕಾಲದಲ್ಲಿ ಎರಡು ಬದಲಾವಣೆಗಳಾದವು. ಹಡಗು ಕಟ್ಟುವ ಸಾಗುವಾನಿಯ ಮೇಲೆ ಕಂಪನಿ ಕಣ್ಣು ಹಾಕಿತು. 1806ರಲ್ಲಿ ಮಲಬಾರಿಗೆ ಅರಣ್ಯ ಸಂರಕ್ಷಕನನ್ನು ನೇಮಿಸಿದ್ದು ಕಾಡನ್ನು ಉಳಿಸಲೆಂದಲ್ಲ, ನೌಕಾಪಡೆಗೆ ಮರ ಒದಗಿಸಲು. ಜನರ ಅಸಮಾಧಾನ ಹೆಚ್ಚಿ 1823ರಲ್ಲಿ ಮನ್ರೋ ಆ ಏಕಸ್ವಾಮ್ಯವನ್ನು ರದ್ದುಪಡಿಸಿದ. ಅನಂತರ ಹಬೆಹಡಗು ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಕಲ್ಲಿದ್ದಲು ಉರಿಸುವ ಹಡಗಿಗೆ ಗಾಳಿ ತಿರುಗುವವರೆಗೆ ಕಾಯುವ ಅಗತ್ಯವಿಲ್ಲ. ಎರಡು ಸಾವಿರ ವರ್ಷ ವರ್ತಕರನ್ನು ದಂಡೆಯಲ್ಲಿ ಕೂರಿಸಿದ ಒತ್ತಡ ಸಡಿಲವಾಯಿತು. ಹೊರಗಿನಿಂದ ಬಂದವನು ಊರಿನವನಾಗುವ ದಾರಿಯೂ ಕಿರಿದಾಯಿತು. ಬಾರಕೂರು, ಬಸರೂರುಗಳಂಥ ನದೀಮುಖದ ಬಂದರುಗಳು ಅಷ್ಟರಲ್ಲಾಗಲೇ ಹಳ್ಳಿಗಳಾಗಿದ್ದವು.

ಸಮುದ್ರದ ಗಾಳಿಯ ಮೇಲೆ ನೆಲದವರ ಬದುಕು ಎಷ್ಟು ನಿಂತಿದೆ ಎಂಬುದು ಅಧಿಕಾರಿಗಳಿಗೆ ಮನವರಿಕೆಯಾದದ್ದು ಬಹಳ ತಡವಾಗಿ, ಅದೂ ಹೆಣಗಳ ನಡುವೆ. 1876ರಿಂದ 78ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗ ಜನ ಸತ್ತರೆಂದು ಅಂದಾಜು. ಆ ವರ್ಷಗಳಲ್ಲಿ ಮಳೆ ಕೈಕೊಟ್ಟುದಕ್ಕೂ ದೂರದ ಪೆಸಿಫಿಕ್ ಸಾಗರ ಅತಿಯಾಗಿ ಬಿಸಿಯಾದುದಕ್ಕೂ ನಂಟಿತ್ತೆಂದು ಇಂದು ವಿಜ್ಞಾನಿಗಳು ಹೇಳುತ್ತಾರೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಜಗತ್ತಿನಾದ್ಯಂತದ ವಾಯುಭಾರದ ಅಂಕಿಗಳನ್ನು ಕೂಡಿಸಿ ಕಳೆದು ಈ ನಂಟಿನ ಮೊದಲ ಎಳೆಯನ್ನು ಹಿಡಿದ. ಆದರೆ ಮಳೆ ಹೋದದ್ದು ಸಮುದ್ರದಿಂದಾದರೂ ಅಷ್ಟು ಜನ ಸತ್ತದ್ದಕ್ಕೆ ಧಾನ್ಯದ ಬೆಲೆ, ಕಂದಾಯ, ಆಡಳಿತದ ಕಲ್ಲುಮನಸ್ಸು ಕಾರಣ ಎಂಬ ಮೈಕ್ ಡೇವಿಸ್ ಅವರ ವಾದವನ್ನೂ ಇದರ ಜತೆಗೇ ಓದಬೇಕು.

ಇನ್ನು ಮೀನು. ಬೂತಾಯಿ ಅಥವಾ ತಾರ್ಲೆ ನಮ್ಮ ಕರಾವಳಿಯ ಬಡವರ ಮೀನು. ಅದರ ಬದುಕೂ ಗಾಳಿಯ ಕೈಯಲ್ಲೇ ಇದೆ. ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಂಡೆಯಿಂದ ಆಚೆ ಸರಿಸಿದಾಗ ಆಳದ ತಂಪು ನೀರು ಮೇಲೇಳುತ್ತದೆ. ಅದರೊಂದಿಗೆ ಬಂದ ಪೋಷಕಾಂಶಗಳಿಂದ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಅದನ್ನು ತಿನ್ನಲು ಬೂತಾಯಿಯ ಹಿಂಡು ದಂಡೆಯತ್ತ ಬರುತ್ತದೆ. ಕೆಲವು ವರ್ಷ ಹಿಂಡು ಬರುವುದೇ ಇಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಜೇಮ್ಸ್ ಹಾರ್ನೆಲ್ ಈ ಏರಿಳಿತದ ಕಾರಣ ಹುಡುಕಿದ್ದ. 1940ರ ದಶಕದ ಆರಂಭದಲ್ಲಿ ಬೂತಾಯಿ ಹೆಚ್ಚುಕಡಿಮೆ ಮಾಯವಾಗಿ, ಮದ್ರಾಸ್ ಸರಕಾರ ಮಲಬಾರ್ ಮತ್ತು ದಕ್ಷಿಣ ಕನ್ನಡದಲ್ಲಿ ಮರಿಮೀನು ಹಿಡಿಯುವ ಬಲೆಗಳ ಮೇಲೆ ನಿರ್ಬಂಧ ಹೇರಿತು. ಗಮನಿಸಿ, ಆಗ ಟ್ರಾಲರ್ ಇರಲಿಲ್ಲ, ಪರ್ಸೀನ್ ಇರಲಿಲ್ಲ. ಊರಿಗೆ ಊರೇ ಸೇರಿ ಎಳೆಯುವ ರಂಪಣಿ ಇತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗುಂಪು ಮಾಡಿತು. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಎರಡೇ ವರ್ಷದಲ್ಲಿ ಅದು ಮತ್ತೆ ಲಕ್ಷ ಟನ್ ದಾಟಿತು. ಎಲ್ಲ ತಪ್ಪನ್ನೂ ಬಲೆಗೆ ಹೊರಿಸುವವರಿಗೂ, ಎಲ್ಲವನ್ನೂ ಪ್ರಕೃತಿಗೆ ಬಿಡುವವರಿಗೂ ಈ ಅಂಕಿಗಳು ಅನುಕೂಲವಾಗಿಲ್ಲ.

ಈಗ ಬದಲಾಗುತ್ತಿರುವುದು ಕಡಲೇ. ಅರಬ್ಬಿ ಸಮುದ್ರದ ನೀರು ಬಿಸಿಯಾಗುತ್ತಿದೆ. 1982ರಿಂದ 2019ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಪುಣೆಯ ವಿಜ್ಞಾನಿಗಳು, ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರ ನಂತರ ಇಲ್ಲಿ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ ಎಂದು 2021ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋಯಿತು. ಉಳ್ಳಾಲದ ಕಡೆ ಕಡಲು ಮನೆಗಳ ಅಂಗಳಕ್ಕೆ ಬಂತು. ಇಂಥ ಅನುಭವಗಳಿಗೂ ಹಿಂದಿನ ಲೆಕ್ಕ ಬೇಕಲ್ಲವೇ? ಅದಕ್ಕಾಗಿ ಸಂಶೋಧಕರು ಕಂಪನಿ ಹಡಗುಗಳ ದಿನಚರಿ ಪುಸ್ತಕಗಳಿಂದ ಎರಡು ಮೂರು ಶತಮಾನಗಳ ಹಿಂದಿನ ಗಾಳಿಯ ದಿಕ್ಕು, ಬಲಗಳನ್ನು ದಿನದಿನದ ಲೆಕ್ಕದಲ್ಲಿ ಹೆಕ್ಕುತ್ತಿದ್ದಾರೆ. ಆ ಪುಸ್ತಕಗಳು ಲಂಡನ್ನಿನಲ್ಲಿ ಜೋಪಾನವಾಗಿವೆ. ನಮ್ಮ ಕಡೆಯ ದಾಖಲೆಗಳ ಗತಿ ಬೇರೆ. ಹಳೆಯ ವರ್ತಕ ಮನೆತನಗಳ ಕಡತ, ನಾಖುದಾಗಳ ಲೆಕ್ಕಪುಸ್ತಕ, ಮಸೀದಿಗಳ ವಕ್ಫ್ ದಾಖಲೆ, ನವಾಯತಿ ಮತ್ತು ಅರಬಿ ಮಲಯಾಳದ ಕೈಬರಹಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಮನೆ ಕೆಡವಿ ಹೊಸದು ಕಟ್ಟುವಾಗ ಅವು ರದ್ದಿಗೆ ಹೋಗುತ್ತವೆ. ಓದಲು ಬಾರದಿದ್ದರೂ ಪರವಾಗಿಲ್ಲ, ಒಂದು ಪೆಟ್ಟಿಗೆಯಲ್ಲಿ ಒಣಗಿಸಿಟ್ಟು ಹತ್ತಿರದ ಕಾಲೇಜಿನ ಚರಿತ್ರೆಯ ಅಧ್ಯಾಪಕರಿಗೆ ತೋರಿಸಿದರೂ ಸಾಕು.

ಗಾಳಿಯ ಪಂಚಾಂಗ ಪೂರ್ತಿ ಹರಿದುಹೋಗಿಲ್ಲ. ಮೀನುಗಾರಿಕೆಯ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಾನೂನಿನ ರಜೆ. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಸಿಮೆಂಟು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲಿಗಿಳಿಯುವಂತಿಲ್ಲ. ಅವುಗಳಿಗೆ ಈಗ ಎಂಜಿನ್ ಇದೆ. ಆದರೂ ಆ ನಾಲ್ಕು ತಿಂಗಳು ಅವು ಬಂದರಿನಲ್ಲೇ ನಿಲ್ಲುತ್ತವೆ.